ಹೊಸಬರು ನಡುವೆ ನಿಲ್ಲಬೇಕು

ಸೊರಬ, ಹೊರಡುವ ಮುಂಚೆ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಸೊರಬದಲ್ಲಿ ಮೊದಲು ಕೇಳುವ ಮಾತು, ‘ಏನು ತಂದ್ರಿ?’ ಚಾಕೊಲೇಟು, ಸೋಪು, ಸೆಂಟಿನ ಬಾಟಲಿ ತೋರಿಸಿದರೆ ಕೇಳಿದವರಿಗೆ ಸಮಾಧಾನ. ನಾನು ಮಲೇಷಿಯಾದ ಪೆನಾಂಗಿನಿಂದ ತಂದದ್ದನ್ನು ತೋರಿಸಬೇಕೆಂದರೆ ಹತ್ತಿರದಲ್ಲಿ ನಾಲ್ಕು ಮೆಟ್ಟಿಲು ಬೇಕು. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ನಾನು ಶಿಕಾರಿಪುರದ ಮಗಳು, ಸೊರಬದ ಸೊಸೆ. ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಕೆಳಗೆ ಶರ್ಟಿನ ಬಟ್ಟೆ, ಪಂಚೆ, ಟವೆಲ್ಲು. ಮಹಡಿಯಲ್ಲಿ ಸೀರೆ. ಆ ಮಹಡಿಗೆ ನಾನೇ ರಾಣಿ. ಗಿರಾಕಿ ಬಾಯಿ ತೆರೆಯುವುದರೊಳಗೆ ಮೇಲೆ ಹತ್ತಿ, ಅವರ ಮನಸ್ಸಿನಲ್ಲಿದ್ದ ಬಣ್ಣವನ್ನೇ ಹೊತ್ತುಕೊಂಡು ಇಳಿಯುತ್ತಿದ್ದೆ. ‘ಶಾಂತಕ್ಕನ ಕಾಲಲ್ಲಿ ಚಕ್ರ ಉಂಟು’ ಎಂದು ಜನ ಹೇಳಿ ಹೇಳಿ ನನಗೂ ಸ್ವಲ್ಪ ಕೊಬ್ಬು ಬಂದಿತ್ತು.

ಕೊಬ್ಬು ಇಳಿದದ್ದು ಚಂದ್ರಗುತ್ತಿಯ ಗುಡ್ಡದಲ್ಲಿ. ದೇವಿಯ ದರ್ಶನ ಮುಗಿಸಿ, ಯಾವಾಗಲಿನಂತೆ ಎಲ್ಲರನ್ನೂ ಹಿಂದೆ ಬಿಟ್ಟು ದಡದಡ ಇಳಿಯುತ್ತಿದ್ದೆ. ಯಾರೋ ಒಡೆದ ಕಾಯಿಯ ನೀರು ಮೆಟ್ಟಿಲ ಮೇಲಿತ್ತು. ಆಮೇಲೆ ನೆನಪಿರುವುದು ಆಕಾಶ ಮತ್ತು ನಮ್ಮನೆಯವರ ಕೂಗು. ಎಡಗಾಲಿನ ಹರಡಿನ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಪ್ಲೇಟು ಹಾಕಿದರು. ಮೂಳೆ ಕೂಡಿತು. ‘ಇನ್ನೇನೂ ತೊಂದರೆ ಇಲ್ಲಮ್ಮ, ಧಾರಾಳವಾಗಿ ಓಡಾಡಿ’ ಎಂದು ಡಾಕ್ಟರು ಕಳಿಸಿಕೊಟ್ಟರು.

ಕಾಲಿಗೆ ಡಾಕ್ಟರ ಮಾತು ಕೇಳಿಸಿತ್ತೋ ಇಲ್ಲವೋ. ಸಮತಟ್ಟು ನೆಲದಲ್ಲಿ ನಡೆಯುತ್ತಿತ್ತು, ಮೆಟ್ಟಿಲು ಹತ್ತುತ್ತಿತ್ತು. ಇಳಿಯುವುದು ಎಂದರೆ ಮಾತ್ರ ಮೊದಲ ಮೆಟ್ಟಿಲ ಅಂಚಿನಲ್ಲಿ ಗೂಟ ಹೊಡೆದಂತೆ ನಿಂತುಬಿಡುತ್ತಿತ್ತು. ಆಗ ನಮ್ಮನೆಯವರು ಸದ್ದಿಲ್ಲದೆ ಬಂದು, ನನಗಿಂತ ಒಂದು ಮೆಟ್ಟಿಲು ಕೆಳಗೆ ಬೆನ್ನು ಮಾಡಿ ನಿಂತು, ಬಲಗಡೆಯ ಹೆಗಲನ್ನು ತುಸು ಎತ್ತುತ್ತಿದ್ದರು. ಅದನ್ನು ಹಿಡಿದು ನಾನು ಇಳಿಯುತ್ತಿದ್ದೆ. ವರ್ಷವಾದರೂ ಇದೇ ವ್ಯವಸ್ಥೆ. ಸೀರೆ ತರಲು ಅವರೇ ಮೇಲೆ ಹೋಗತೊಡಗಿದರು. ನವಿಲುಗರಿ ಬಣ್ಣ ಎಂದರೆ ಗಿಳಿಹಸಿರು ತರುತ್ತಿದ್ದರು.

ಒಂದು ದಿನ ಪಕ್ಕದ ಟೈಲರ್ ಅವರ ಶರ್ಟಿಗೆ ಅಳತೆ ತೆಗೆಯುತ್ತ, ‘ಏನ್ ಸಾಹುಕಾರ್ರೇ, ಬಲಗಡೆ ಹೆಗಲು ಮೇಲೆ ಬಂದದಲ್ಲ!’ ಎಂದ.

‘ಲಗೇಜ್ ಹೊತ್ತು ಹೊತ್ತು ಹಂಗಾಗಿದೆ ಮಾರಾಯ’ ಎಂದರು ನಮ್ಮನೆಯವರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಲ್ಲಾದ ಹಿಂದೆ ಕೂತ ನಾನೂ ನಕ್ಕೆ. ಆದರೆ ಆ ಮಾತು ಗಂಟಲಿಗೆ ಸಿಕ್ಕಿದ ಮುಳ್ಳಿನ ಹಾಗೆ ಉಳಿಯಿತು. ಅವರು ಹಾಸ್ಯಕ್ಕೆ ಅಂದದ್ದು ಎಂದು ಗೊತ್ತಿತ್ತು. ಹೆಗಲು ನಿಜವಾಗಿಯೂ ಮೇಲೆ ಬಂದದ್ದೂ ಕಾಣುತ್ತಿತ್ತು.

ನನ್ನ ತಂಗಿ ಗಿರಿಜಾ ಇರುವುದು ಪೆನಾಂಗಿನಲ್ಲಿ. ಅವಳ ಗಂಡನಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. ರಜೆಗೆ ಶಿಕಾರಿಪುರದ ತವರಿಗೆ ಬಂದವಳು ನನ್ನನ್ನು ನೋಡಲು ಸೊರಬಕ್ಕೂ ಬಂದಳು. ನಾನು ಹೆಗಲು ಹಿಡಿದು ಇಳಿಯುವುದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು.

‘ಅಕ್ಕ, ಹಿಂಗ ಕುಂತ್ರ ಇಲ್ಲೇ ಬೇರು ಬಿಡ್ತೀ ನೋಡು. ನನ್ ಜೊತಿ ಬಾ. ನಮ್ಮನಿ ಹತ್ರ ಒಂದು ತಾಯ್ ಚೀ ಶಾಲಿ ಐತಿ, ಚೀನಾದೋರ ನಿಧಾನದ ವ್ಯಾಯಾಮ. ಕಾಲು ಹೆಂಗ ಊರಬೇಕು ಅಂತ ಹೇಳಿಕೊಡ್ತಾರ.’

‘ಈ ವಯಸ್ಸಿಗೆ ಶಾಲೆಯೇನೇ?’

‘ಅಲ್ಲಿ ಎಂಬತ್ತು ದಾಟಿದೋರು ಅದಾರ. ನೀ ಇನ್ನೂ ಕೂಸು.’

ನಮ್ಮನೆಯವರು ನನ್ನ ಪಾಸ್‌ಪೋರ್ಟಿನ ಓಡಾಟವನ್ನೆಲ್ಲ ಮಾಡಿದರು. ಲಗೇಜು ಇಳಿಸಿಕೊಳ್ಳುವ ಆತುರವೋ ಏನೋ ಎಂದು ಮನಸ್ಸು ಹುಳಿಯಾಯಿತು. ಆದರೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಗಿರಿಜಾಳಿಗೆ ಅವರು ಹೇಳಿದ್ದು ಒಂದೇ: ‘ಮೆಟ್ಟಿಲು ಇಳಿವಾಗ ಕೆಳಗೆ ನಿಂತ್ಕೋ ಮಾರಾಯ್ತಿ. ಪಕ್ಕದಲ್ಲಲ್ಲ, ಕೆಳಗೆ.’

ಓಡುವ ಮೆಟ್ಟಿಲು

ನಿಂತ ಮೆಟ್ಟಿಲಿಗೇ ಹೆದರುವವಳಿಗೆ ಕ್ವಾಲಾಲಂಪುರದ ನಿಲ್ದಾಣದಲ್ಲಿ ಓಡುವ ಮೆಟ್ಟಿಲು ಎದುರಾಯಿತು. ಗಿರಿಜಾ ಮಾತಾಡುತ್ತಲೇ ಇಳಿದು ಹೋದಳು. ನಾನು ಮೇಲೆಯೇ ಉಳಿದೆ. ಮೆಟ್ಟಿಲುಗಳು ನೆಲದೊಳಗಿಂದ ಹುಟ್ಟಿ ಹುಟ್ಟಿ ಹೋಗುತ್ತಿದ್ದವು, ಯಾವುದಕ್ಕೆ ಕಾಲಿಡಬೇಕೆಂದು ತೀರ್ಮಾನವಾಗಲಿಲ್ಲ. ಹಿಂದೆ ಪೆಟ್ಟಿಗೆ ಹಿಡಿದ ಜನ ಸಾಲುಗಟ್ಟಿದರು. ಯಾರೂ ಬೈಯಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಾದರೆ ‘ಏ ಅಮ್ಮ, ಹೋಗದಿದ್ರೆ ದಾರಿ ಬಿಡಮ್ಮ’ ಎಂದು ಮುಗಿಸಿರುತ್ತಿದ್ದರು. ಇವರು ಬೈಯದೆ ನಿಂತದ್ದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಕೊನೆಗೆ ಗಿರಿಜಾ ವಾಪಸ್ ಹತ್ತಿ ಬಂದು ಲಿಫ್ಟಿನಲ್ಲಿ ಕರೆದುಕೊಂಡು ಹೋದಳು.

ಪೆನಾಂಗ್, ಮೊದಲ ಬೆಳಗು

ಶಾಲೆ ಎಂದರೆ ಹಳೆಯ ಬೀದಿಯೊಂದರಲ್ಲಿ ಹಳೆಯ ಕಟ್ಟಡದ ಮಹಡಿ. ಕೆಳಗೆ ಒಂದು ಕಾಫಿ ಅಂಗಡಿ, ಅದರ ಪಕ್ಕಕ್ಕೆ ಚೀನೀ ಔಷಧಿ ಅಂಗಡಿ. ಬೇರು, ತೊಗಟೆ, ಒಣಹಣ್ಣಿನ ವಾಸನೆ ಮೂಗಿಗೆ ಬಡಿದಾಗ ಶಿಕಾರಿಪುರದ ಗ್ರಂಥಿಗೆ ಅಂಗಡಿಯ ಮುಂದೆಯೇ ನಿಂತಂತಾಯಿತು. ಮೇಲಕ್ಕೆ ಮರದ ಮೆಟ್ಟಿಲು, ಕಡಿದಾದದ್ದು, ಸವೆದು ನುಣುಪಾದದ್ದು. ಹತ್ತುವಾಗಲೇ ಇಳಿಯುವ ಚಿಂತೆ ಶುರುವಾಯಿತು.

ಮೇಲೆ ವಿಶಾಲವಾದ ಹಜಾರ. ಬೀದಿಯವರೇ ಸೇರಿ ನಡೆಸುವ ಶಾಲೆಯಂತೆ. ಗುಡಿಸುವವರೂ ಅವರೇ, ಚಹಾ ಕಾಯಿಸುವವರೂ ಅವರೇ. ಚೀನೀಯರು, ಮಲಯರು, ತಮಿಳರು, ಬಿಳಿಯ ಗಂಡಹೆಂಡಿರ ಒಂದು ಜೋಡಿ. ಮೂಲೆಯಲ್ಲಿ ಕೆಲವರು ಸುಮ್ಮನೆ ಸುತ್ತು ಸುತ್ತು ನಡೆಯುತ್ತಿದ್ದರು, ಕಣದಲ್ಲಿ ಹಂತಿ ತುಳಿಯುವ ಎತ್ತಿನ ಹಾಗೆ. ಅದು ಬಾಗ್ವಾ ಎಂಬ ಬೇರೆ ವಿದ್ಯೆ. ತಾಯ್ ಚೀಗೆ ದಾಯಾದಿಯಂತೆ. ನೋಡಲು ವ್ಯಾಯಾಮದ ಹಾಗಿದ್ದರೂ ಎಲ್ಲವೂ ಮೂಲದಲ್ಲಿ ಹೊಡೆದಾಟದ ವಿದ್ಯೆ. ತೋಳಿನ ಬಲದಿಂದಲ್ಲ, ಒಳಗಿನ ಬಲದಿಂದ ಎನ್ನುತ್ತಾರೆ.

ಗುರುವಿಗೆ ಅಲ್ಲಿ ಸಿಫು ಎನ್ನುತ್ತಾರೆ. ನಮ್ಮ ಸಿಫು ಎಪ್ಪತ್ತು ದಾಟಿದ ಸಣಕಲು ಹೆಂಗಸು. ಕತ್ತರಿಸಿದ ಬೆಳ್ಳಿ ಕೂದಲು, ದೊಗಳೆ ಕಪ್ಪು ಪೈಜಾಮ. ನನ್ನ ಕೈಗೆ ಒಂದು ಬಟ್ಟಲು ಚಹಾ ಕೊಟ್ಟು ನಕ್ಕರು. ಅಷ್ಟೇ ಪ್ರವೇಶ ಪರೀಕ್ಷೆ. ಹೆಸರು ಕೇಳಲಿಲ್ಲ, ಕಾಯಿಲೆ ಕೇಳಲಿಲ್ಲ. ನಮ್ಮಲ್ಲಾದರೆ ಯಾರ ಮನೆಯವರು, ಯಾವ ಮಠದವರು, ಕಾಲಿಗೆ ಏನಾಯ್ತು, ಯಾವ ಡಾಕ್ಟರು ಎಂದು ಕೇಳಿ, ‘ಅಯ್ಯೋ, ಅವನ ಹತ್ರ ಹೋಗಬಾರದಿತ್ತು’ ಎಂಬಲ್ಲಿಗೆ ಮಾತು ಮುಟ್ಟಿರುತ್ತಿತ್ತು.

ಸಾಲು ನಿಂತಿತು. ಹೊಸಬಳು, ಪರದೇಶಿ, ಮೇಲಾಗಿ ಸೀರೆ ಉಟ್ಟವಳು. ಮರ್ಯಾದಸ್ಥೆ ಮಾಡುವುದನ್ನೇ ಮಾಡಿದೆ. ಎಲ್ಲರ ಹಿಂದೆ, ಕೊನೆಯ ಸಾಲಿನ ಮೂಲೆಗೆ ಹೋಗಿ ನಿಂತೆ. ಪ್ರವಚನವಿರಲಿ, ಮದುವೆ ಮನೆಯ ಪಂಕ್ತಿಯಿರಲಿ, ಕರೆಯುವವರೆಗೆ ಮುಂದೆ ಹೋಗಬಾರದು ಎಂದು ಅವ್ವ ಕಲಿಸಿದ್ದು. ಮುಂದಿನವರನ್ನು ನೋಡಿಕೊಂಡು ಕೈ ಎತ್ತಿದೆ, ಇಳಿಸಿದೆ. ಪರವಾಗಿಲ್ಲ, ಬರುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಇಡೀ ಸಭೆ ನಿಧಾನಕ್ಕೆ ಹಿಂದಕ್ಕೆ ತಿರುಗಿತು. ತಾಯ್ ಚೀಯಲ್ಲಿ ಹಾಗೆ, ನಾಲ್ಕೂ ದಿಕ್ಕಿಗೆ ತಿರುಗುತ್ತಾರೆ. ನಾನೂ ತಿರುಗಿದೆ. ನೋಡಿದರೆ ನನ್ನ ಮುಂದೆ ಗೋಡೆ! ಕೊನೆಯ ಸಾಲು ಮೊದಲ ಸಾಲಾಗಿತ್ತು. ನಾನೇ ಮುಂದಾಳು. ಮುಂದೇನು ಮಾಡಬೇಕೆಂದು ತಿಳಿಯದೆ, ಇವರೇನು ಮಾಡುತ್ತಿದ್ದಾರೆ ಎಂದು ಗರಕ್ಕನೆ ಅವರ ಕಡೆಗೇ ಮುಖ ಮಾಡಿದೆ. ಅವರೆಲ್ಲ ನನ್ನ ಕಡೆಗೆ, ನಾನು ಅವರ ಕಡೆಗೆ. ಪ್ರಾರ್ಥನೆ ಮಾಡಿಸುವ ಮೇಷ್ಟರ ಹಾಗೆ ನಿಂತಿದ್ದೆ. ಪಕ್ಕದ ಅಜ್ಜಿಯ ಎತ್ತಿದ ಕೈ ನನ್ನ ಮೂಗಿನ ಹತ್ತಿರ ಬಂದು ಅಲ್ಲೇ ತಡೆಯಿತು. ಗಿರಿಜಾ ಮಾತ್ರ ನಕ್ಕಳು, ಸ್ವಂತ ತಂಗಿಯಲ್ಲವೇ.

ಸಿಫು ಬಂದು ನನ್ನ ಕೈ ಹಿಡಿದು ಸಾಲುಗಳ ನಟ್ಟನಡುವೆ ನಿಲ್ಲಿಸಿದರು. ಮುತ್ತಯ್ಯ ಎಂಬ ಹಿರಿಯರು ಅಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಅವರು ತಮ್ಮ ತಮಿಳನ್ನು ಬಿಡಿಸಿ ಬಿಡಿಸಿ ಹೇಳಿದ್ದು ನನಗೆ ತಿಳಿಯಿತು. ‘ಅಮ್ಮಾ, ಇಲ್ಲಿ ಹೊಸಬರು ನಡುವೆಯೇ ನಿಲ್ಲಬೇಕು. ಹಳಬರು ಸುತ್ತ. ಯಾವ ಕಡೆಗೆ ತಿರುಗಿದರೂ ನಿಮ್ಮ ಕಣ್ಣಮುಂದೆ ಒಬ್ಬ ತಿಳಿದವನು ಇರಬೇಕು.’

ಎರಡನೆಯ ಬೆಳಗು

ಮಾತೇನೋ ಚೆನ್ನಾಗಿತ್ತು. ಆದರೆ ನಡುವೆ ನಿಂತರೆ ಎಲ್ಲರ ಕಣ್ಣು ನನ್ನ ಕಾಲ ಮೇಲೆ ಎಂಬ ಸಂಕೋಚ. ಒಂದು ವರ್ಷ ಆ ಕಾಲನ್ನು ಗಲ್ಲಾದ ಹಿಂದೆ ಬಚ್ಚಿಟ್ಟುಕೊಂಡು ಬಂದವಳು ನಾನು. ಮರುದಿನ ಬೇಗ ಹೋಗಿ ಮತ್ತೆ ಹಿಂದಿನ ಮೂಲೆ ಹಿಡಿದೆ. ನಮ್ಮ ಕಡೆಯ ಹಟ ಅವರಿಗೇನು ಗೊತ್ತು!

ಸಿಫು ನೋಡಿದರು. ಮುಂದಿನ ಸಾಲಿನಲ್ಲಿದ್ದ ಮುತ್ತಯ್ಯ ಮೆಲ್ಲಗೆ ನಡೆದು ಬಂದು ನನ್ನ ಹಿಂದೆ ನಿಂತರು. ಅವರ ಬೆನ್ನಿಗೆ ಬಿಳಿಯ ಗಂಡಹೆಂಡಿರು. ಕೋಲೂರಿಕೊಂಡು ಬರುವ ಚೀನೀ ಅಜ್ಜಿಯೊಬ್ಬರು ಕೋಲನ್ನು ಗೋಡೆಗೊರಗಿಸಿ, ಇದ್ದ ಅಷ್ಟೇ ಜಾಗದಲ್ಲಿ ನನಗೂ ಮೂಲೆಗೂ ನಡುವೆ ತೂರಿಕೊಂಡರು. ನೋಡುನೋಡುತ್ತಲೇ ಅರ್ಧ ಹಜಾರ ಖಾಲಿಯಾಗಿ, ಜನವೆಲ್ಲ ಹಿಂದಿನ ಗೋಡೆಯ ಕಡೆಗೆ ಒತ್ತಿಕೊಂಡಿತು. ನಾನು ನಿಂತಲ್ಲೇ ನಿಂತಿದ್ದೆ, ಆದರೆ ನಡುವೆ ಇದ್ದೆ.

ಯಾರ ಮುಖದಲ್ಲೂ ಉಪಕಾರ ಮಾಡಿದ ಗತ್ತಿಲ್ಲ. ಸಿಫು ಎಂದಿನಂತೆ ಕೈ ಎತ್ತಿದರು, ಅಭ್ಯಾಸ ಶುರುವಾಯಿತು. ನನಗೆ ಕಣ್ಣು ಮಂಜಾಗಿ ಮುಂದಿನವರ ಕೈ ಎರಡೆರಡು ಕಾಣಿಸಿತು. ಅಂದಿನಿಂದ ನಾನು ಮೂಲೆಗೆ ಹೋಗಲಿಲ್ಲ. ಇಷ್ಟು ಜನರನ್ನು ಗೋಡೆಗೆ ಒತ್ತುವುದು ಯಾವ ನ್ಯಾಯ?

ಮಂಗನನ್ನು ಓಡಿಸುವ ಪಾಠ

ಸಿಫು ಎಲ್ಲರಲ್ಲೂ ದಿನವೂ ತಿದ್ದುವುದು ಒಂದೇ ತಪ್ಪನ್ನು. ಹತ್ತಿರ ಬಂದು ಎರಡು ಬೆರಳಿನಿಂದ ಹೆಗಲು ಮುಟ್ಟುತ್ತಾರೆ. ಏರಿದ ಹೆಗಲು ಇಳಿಯಬೇಕು. ಹೆದರಿದ ಮನುಷ್ಯನ ಹೆಗಲು ಅವನಿಗೆ ಗೊತ್ತಿಲ್ಲದಂತೆ ಮೇಲೇರುತ್ತದೆ, ಹೆಗಲು ಮೇಲಿದ್ದರೆ ಕಾಲು ನೆಲಕ್ಕೆ ಊರುವುದಿಲ್ಲ ಎನ್ನುತ್ತಾರೆ. ಇದನ್ನು ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ಎಂದು ಕೇಳಿ ಗಿರಿಜಾಳಿಂದ ಕಲಿತುಕೊಂಡರು. ಆಮೇಲೆ ನನ್ನ ಬಳಿ ಬಂದಾಗೆಲ್ಲ ‘ಹೆಗಲು ಇಳಿಸಿ, ಹೆಗಲು ಇಳಿಸಿ’ ಎಂದು ಹಾಡಿನಂತೆ ಹೇಳುತ್ತಿದ್ದರು. ಆ ನೆಲದಲ್ಲಿ ಅಷ್ಟು ಕನ್ನಡ ಕೇಳಿಸಿದ್ದೇ ನನಗೆ ತವರಿನ ತುತ್ತು ಸಿಕ್ಕಂತೆ.

ತಾಯ್ ಚೀಯ ವರಸೆಗಳಿಗೆ ಚೆಂದ ಚೆಂದದ ಹೆಸರುಗಳಿವೆ. ಒಂದು ಬೆಳಗ್ಗೆ ಬಂದದ್ದು ಮಂಗನನ್ನು ಓಡಿಸುವ ವರಸೆ. ಸೊರಬದವಳಿಗೆ ಮಂಗ ಓಡಿಸುವುದು ಹೇಳಿಕೊಡಬೇಕೇ! ಆದರೆ ನಾವು ಕಲ್ಲು ಹಿಡಿದು ಮುಂದಕ್ಕೆ ಓಡುತ್ತೇವೆ, ಇವರು ಹಿಂದಕ್ಕೆ ನಡೆಯುತ್ತಾರೆ. ಬೆನ್ನ ಹಿಂದಕ್ಕೆ ಕಾಲಿಡಬೇಕು, ನೋಡುವ ಹಾಗಿಲ್ಲ. ನನ್ನ ಎಡಗಾಲು ಮತ್ತೆ ಗೂಟವಾಯಿತು.

ಮುತ್ತಯ್ಯ ಸಿಫುವಿನ ಮಾತನ್ನು ದಾಟಿಸಿದರು. ‘ಕಾಲನ್ನು ಬರಿದಾಗಿ ಇಡಿ ಅಮ್ಮಾ. ಭಾರ ಇನ್ನೊಂದು ಕಾಲಲ್ಲೇ ಇರಲಿ. ನೆಲ ಹೌದು ಎಂದ ಮೇಲೆ ಭಾರ ಕಳಿಸಿ. ತೆಳ್ಳನೆಯ ಮಂಜುಗಡ್ಡೆಯ ಮೇಲೆ ನಡೆದ ಹಾಗೆ.’

ಮಂಜುಗಡ್ಡೆ ನನಗೆ ಗೊತ್ತಿರುವುದು ಲೋಟದಲ್ಲಿ ಮಾತ್ರ. ಆದರೆ ಬರಿದಾದ ಕಾಲು ಎಂದಾಗ ಏನೋ ನೆನಪಾಯಿತು. ಅಂಜನಾಪುರದ ಕಾಲುವೆಯ ಕೆಳಗೆ ನಮ್ಮ ತವರಿನ ಗದ್ದೆ. ನಾಟಿಯ ದಿನ ನಾವು ಅಕ್ಕತಂಗಿಯರೂ ಇಳಿಯುತ್ತಿದ್ದೆವು. ನಾಟಿ ಮಾಡುವುದು ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡೇ. ಕೆಸರಿನಲ್ಲಿ ಹಿಂದಕ್ಕೆ ಬೆರಳು ಇಳಿಸಿ, ಗಟ್ಟಿ ತಳ ಸಿಕ್ಕಿದ ಮೇಲೆ ಮೈ ಬಿಡಬೇಕು. ಮೊದಲೇ ಬಿಟ್ಟರೆ ಮೊಣಕಾಲುದ್ದ ಹೂತು ಕೂರಬೇಕಾಗುತ್ತದೆ.

ಸೀರೆಯ ನೆರಿಗೆಯನ್ನು ನಾಟಿಗೆ ಇಳಿದವರಂತೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಬೆರಳು ಇಳಿಸಿದೆ, ತಳ ನೋಡಿದೆ, ಭಾರ ಕಳಿಸಿದೆ. ಎಡಗಾಲು ತಕರಾರು ಮಾಡದೆ ನಿಂತಿತು. ‘ಗಿರಿಜಾ, ಇದು ನಾಟಿ ಕಣೇ!’ ಎಂದು ಕೂಗಿದೆ. ಅವಳು ಸಿಫುವಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಿಫು ಎಲ್ಲರನ್ನೂ ನಿಲ್ಲಿಸಿ, ನನ್ನ ಕೈಯಿಂದ ಸಸಿ ನೆಡುವುದನ್ನು ಮಾಡಿಸಿ ತೋರಿಸಿದರು. ಆ ಬೆಳಗು ಪೆನಾಂಗಿನ ಮಹಡಿಯ ಮೇಲೆ ಚೀನೀಯರೂ ಮಲಯರೂ ಬಿಳಿಯರೂ ಸೇರಿ ನಮ್ಮ ಅಂಜನಾಪುರದ ಗದ್ದೆಯನ್ನು ನೆಟ್ಟರು. ಬಿಳಿಯ ಗಂಡ ಮಾತ್ರ ಬಹಳ ದೂರ ದೂರ ನೆಟ್ಟ, ಎಕರೆಗೆ ಒಂದು ಚೀಲವೂ ಬೆಳೆಯುತ್ತಿರಲಿಲ್ಲ.

ಮರದ ಮೆಟ್ಟಿಲು

ಅಭ್ಯಾಸದ ನಂತರ ಎಲ್ಲರೂ ಕೆಳಗಿನ ಕಾಫಿ ಅಂಗಡಿಗೆ ಇಳಿಯುವುದು ರೂಢಿ. ನಾನು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ ಎಂದು ತಿಳಿದಂದಿನಿಂದ ಕೋಲಿನ ಅಜ್ಜಿ ನನಗಾಗಿ ಕೆಂಪು ಕಾಳಿನ ಹೂರಣ ತುಂಬಿದ, ಹಬೆಯಲ್ಲಿ ಬೇಯಿಸಿದ ಬಿಳಿಯ ಉಂಡೆ ತರುತ್ತಿದ್ದರು. ಥೇಟ್ ನಮ್ಮ ಕಡುಬಿನ ಅಕ್ಕ. ಆದರೆ ಆ ಕಡುಬನ್ನು ತಲುಪಲು ಮರದ ಮೆಟ್ಟಿಲು ಇಳಿಯಬೇಕು. ದಿನವೂ ಗಿರಿಜಾಳ ಹೆಗಲು. ಅವಳು ಭಾವನ ಮಾತಿನಂತೆ ಕೆಳಗೇ ನಿಲ್ಲುತ್ತಿದ್ದಳು.

ಒಂದು ದಿನ ಗಿರಿಜಾ ಬಟ್ಟಲು ತೊಳೆಯುವ ಸರದಿಯಲ್ಲಿದ್ದಳು. ಕಾಯೋಣವೆಂದು ಮೆಟ್ಟಿಲ ತಲೆಯಲ್ಲಿ ನಿಂತೆ. ಮುತ್ತಯ್ಯ ನನ್ನನ್ನು ದಾಟಿ ಎರಡು ಮೆಟ್ಟಿಲು ಇಳಿದು ನಿಂತುಕೊಂಡರು, ಬೀದಿ ನೋಡುವವರಂತೆ. ಹಿಂದೆ ಕೋಲಿನ ಸದ್ದು, ಅಜ್ಜಿ. ಅವರ ಹಿಂದೆ ಸಿಫು. ಯಾರೂ ಕೈ ಚಾಚಲಿಲ್ಲ, ಯಾರೂ ಹೆಗಲು ಕೊಡಲಿಲ್ಲ. ಮುಂದೆ ಜನ, ಹಿಂದೆ ಜನ, ನಾನು ನಡುವೆ.

ಬೆರಳು ಇಳಿಸಿದೆ. ತಳ ಸಿಕ್ಕಿತು. ಭಾರ ಕಳಿಸಿದೆ. ಅಂಗೈಯನ್ನು ಗೋಡೆಗೆ ಒತ್ತಿಕೊಂಡು ಮತ್ತೊಂದು ಮೆಟ್ಟಿಲು, ಇನ್ನೊಂದು. ಮುತ್ತಯ್ಯ ತಿರುಗಿ ನೋಡದೆ ಇಳಿಯುತ್ತಿದ್ದರು. ಎಷ್ಟು ಹೊತ್ತು ಹಿಡಿಯಿತೋ, ಬೀದಿಯ ಬಿಸಿಲು ಪಾದದ ಮೇಲೆ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಕೋಲಿನಿಂದ ಕುರ್ಚಿ ತೋರಿಸಿ ಕೂರು ಎಂದರು. ಮುತ್ತಯ್ಯ, ‘ಕಾಫಿಯೋ, ಚಹಾವೋ?’ ಎಂದು ಕೇಳಿದರು. ನಾನು ಇಳಿದದ್ದು ಲೋಕದಲ್ಲಿ ನಡೆಯುವ ಸಹಜ ಸಂಗತಿ ಎಂಬಂತೆ ನಡೆದುಕೊಂಡರಲ್ಲ, ಅದಕ್ಕೆ ನಾನು ಅವರಿಗೆ ಸಾಯುವ ತನಕ ಋಣಿ.

ಉಡಿ ತುಂಬಿದ್ದು

ಹೊರಡುವ ಮುನ್ನ ಸಿಫುವಿಗೆ ಬರಿಗೈಯಲ್ಲಿ ನಮಸ್ಕಾರ ಹೇಳಲು ಮನಸ್ಸು ಒಪ್ಪಲಿಲ್ಲ. ನಮ್ಮ ಅಂಗಡಿಯಿಂದ ತಂದಿದ್ದ ಚಿಕ್ಕಪರಸು ನೇಯ್ಗೆಯ ರವಿಕೆ ಕಣವೊಂದು ಪೆಟ್ಟಿಗೆಯಲ್ಲಿತ್ತು. ತಮಿಳರ ಬೀದಿಯಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಸಿಕ್ಕವು. ಉಡಿ ತುಂಬಲು ನಿಂತ ಮೇಲೆ ಹೊಳೆಯಿತು, ಪೈಜಾಮದವರಿಗೆ ಸೆರಗೆಲ್ಲಿ? ಸಿಫು ಒಂದು ಕ್ಷಣ ನನ್ನ ಕೈ ನೋಡಿದರು. ಆಮೇಲೆ ತಮ್ಮ ದೊಗಳೆ ಅಂಗಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಂದೆ ಚಾಚಿದರು. ಗಂಡ ಇದ್ದಾರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅವರೂ ನನ್ನನ್ನು ಏನೂ ಕೇಳಿರಲಿಲ್ಲ.

ಅಕ್ಕಿ ಹಾಕುವಾಗ ನನ್ನ ಹೆಗಲು ಕಿವಿಯ ತನಕ ಏರಿತ್ತು. ‘ಹೆಗಲು ಇಳಿಸಿ’ ಎಂದರು ಸಿಫು. ಇಬ್ಬರೂ ಅಳುತ್ತಲೇ ನಕ್ಕೆವು.

ಚಂದ್ರಗುತ್ತಿ

ಊರಿಗೆ ಬಂದವಳೇ ಅಂಗಡಿಯ ಮಹಡಿ ಹತ್ತಿ, ಒಬ್ಬಳೇ ಇಳಿದು ತೋರಿಸಿದೆ. ನಮ್ಮನೆಯವರು ಕಣ್ಣರಳಿಸಿ ನೋಡಿದರು, ಗಿರಾಕಿಗಳಿಗೆಲ್ಲ ಹೇಳಿದರು. ಆದರೆ ಮರುದಿನ ನಾನು ಇಳಿಯುವ ಹೊತ್ತಿಗೆ ಮತ್ತೆ ಮೆಟ್ಟಿಲ ಕೆಳಗೆ ಹಾಜರು, ಬೆನ್ನು ಮಾಡಿಕೊಂಡು. ಬಲ ಹೆಗಲು ಮೇಲೆಯೇ ಇತ್ತು. ಅಳತೆ ಪಟ್ಟಿ ಹಿಡಿದ ಟೈಲರ್ ನಗುತ್ತಲೇ ಇದ್ದ.

‘ಚಂದ್ರಗುತ್ತಿಗೆ ಹೋಗೋಣ’ ಎಂದೆ.

‘ಬ್ಯಾಡ ಮಾರಾಯ್ತಿ. ಮನೆಯಿಂದ್ಲೇ ಕೈ ಮುಗಿ, ದೇವಿ ಒಪ್ತಾಳೆ.’

‘ದೇವಿ ಒಪ್ತಾಳೆ, ನಾನು ಒಪ್ಪಲ್ಲ.’

ಹೋದೆವು. ದರ್ಶನವಾಯಿತು. ಇಳಿಯಲು ಶುರು ಮಾಡಿದಾಗ ಅವರು ಎಂದಿನಂತೆ ಒಂದು ಮೆಟ್ಟಿಲು ಮುಂದೆ. ನಾನು ಅವರನ್ನು ಹಿಡಿಯದೆ, ಕಾಲು ಬರಿದು ಮಾಡಿ ಇಟ್ಟು, ಭಾರ ಕಳಿಸಿ ಬರುತ್ತಿದ್ದೆ. ಆ ಜಾಗ ಬಂತು. ನನಗೆ ಅದರ ಗುರುತು ಸಿಕ್ಕುವ ಮುಂಚೆ ಅವರಿಗೆ ಸಿಕ್ಕಿತ್ತು. ಅವರು ನಿಂತುಬಿಟ್ಟರು. ಗೂಟ ಹೊಡೆದ ಹಾಗೆ.

‘ಏನಾಯ್ತು?’

‘ಅವತ್ತು ನಾನು ಹಿಂದಿದ್ದೆ ಕಣೇ’ ಎಂದರು, ತಿರುಗದೆಯೇ. ‘ನೀ ಹೋಗಿದ್ದು ಪೂರ್ತಿ ಕಂಡಿತು. ಕೈ ಚಾಚಿದೆ, ಸಿಗಲಿಲ್ಲ.’

ಅವರ ಹೆಗಲು ಕಿವಿಯ ತನಕ ಏರಿತ್ತು. ಅದು ಏರಿದ್ದು ನನ್ನ ಭಾರಕ್ಕೆ ಎಂದು ವರ್ಷವಿಡೀ ಅಂದುಕೊಂಡಿದ್ದೆ. ಅದು ಏರಿದ್ದು ಅವರ ಹೆದರಿಕೆಗೆ.

ಮೇಲಿನಿಂದ ಶಿರಾಳಕೊಪ್ಪದ ಕಡೆಯವರ ಒಂದು ಗುಂಪು ಇಳಿದು ಬರುತ್ತಿತ್ತು. ‘ಮುಂದೆ ಹೋಗ್ರಿ’ ಎಂದು ಅರ್ಧ ಜನಕ್ಕೆ ದಾರಿ ಬಿಟ್ಟೆ. ಉಳಿದವರು ನನ್ನ ಹಿಂದೆ ನಿಂತರು. ಈಗ ನಮ್ಮನೆಯವರ ಮುಂದೆ ಜನ, ಹಿಂದೆ ನಾನು, ನನ್ನ ಹಿಂದೆ ಜನ. ಅವರ ಬಲ ಹೆಗಲ ಮೇಲೆ ಎರಡು ಬೆರಳು ಇಟ್ಟೆ. ಭಾರ ಬೀಳುತ್ತದೆಂದು ಅವರು ಮೈ ಬಿಗಿ ಹಿಡಿದರು. ಭಾರ ಬೀಳಲಿಲ್ಲ.

‘ಹೆಗಲು ಇಳಿಸ್ರಿ’ ಎಂದೆ.

ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬಂತು. ವರ್ಷದಿಂದ ಮೇಲಿದ್ದ ಹೆಗಲು ನನ್ನ ಬೆರಳ ಕೆಳಗೆ ನಿಧಾನವಾಗಿ ಇಳಿಯಿತು. ಅವರು ಕಾಲೆತ್ತಿ ಆ ಮೆಟ್ಟಿಲನ್ನು ದಾಟಿದರು. ನಾನೂ ದಾಟಿದೆ. ಇನ್ನೂ ನಾಲ್ಕು ಮೆಟ್ಟಿಲು ಇಳಿದ ಮೇಲೆ ಅವರಿಗೆ ಮಾತು ಬಂತು.

‘ನನ್ ಲಗೇಜ್ ಎಲ್ಲಿ ಹೋಯ್ತೇ?’

‘ಹಿಂದೆ ನಡ್ಕೊಂಡು ಬರ್ತಾ ಇದೆ’ ಎಂದೆ. ‘ನೀವು ಮುಂದೆ ನೋಡಿ ಇಳೀರಿ.’